ಕಾಯುವ ಬಲೆ

ಗಂಗೊಳ್ಳಿಯಲ್ಲಿ ಬಲೆ ಎಂದರೆ ಮೊದಲು ಮೀನಿನದು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಪಂಚಗಂಗಾವಳಿಯಾಗಿ ಕಡಲು ಸೇರುವ ಅಳಿವೆಯ ಬಡಗು ದಂಡೆಯ ಊರು ಇದು. ತೆಂಕು ದಂಡೆಯಲ್ಲಿ ಕುಂದಾಪುರದ ಕೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಂಡೆ ಸೇರುತ್ತವೆ, ಬಲೆಗಳು ನೆರಳಿಗೆ ಬರುತ್ತವೆ, ಹರಿದ ಕಣ್ಣುಗಳನ್ನು ಕೂತು ಹೆಣೆಯುತ್ತಾರೆ. ಹೆಣೆದರೂ ಪ್ರಯೋಜನವಿಲ್ಲದಷ್ಟು ಹರಿದ ಬಲೆ ಮನೆಗೆ ಬರುತ್ತದೆ. ಬಸಳೆ ಚಪ್ಪರಕ್ಕೆ ಅದೇ, ಎಲೆ ಬೀಳದ ಹಾಗೆ ಬಾವಿಯ ಬಾಯಿಗೆ ಅದೇ, ಕೋಳಿಗೂಡಿನ ಸುತ್ತಕ್ಕೂ ಮೇಲಕ್ಕೂ ಅದೇ. ಕಡಲಿನಲ್ಲಿ ಹಿಡಿಯುವ ಕೆಲಸ ಮಾಡಿದ್ದು ಹಿತ್ತಲಿಗೆ ಬಂದು ಕಾಯುವ ಕೆಲಸ ಶುರುಮಾಡುತ್ತದೆ. ಈ ವರ್ಗಾವಣೆ ಯಾರಿಗೂ ವಿಚಿತ್ರವಾಗಿ ಕಂಡದ್ದಿಲ್ಲ.

ಈಗ ಕೋಳಿ ಸಾಕುವವರಿಗೆಂದೇ ಮಾಡಿದ ಇನ್ನೊಂದು ಬಗೆಯ ಬಲೆ ಸಿಗುತ್ತದೆ. ಅದರ ಎಳೆಗಳಲ್ಲಿ ಕರೆಂಟು ಹರಿಯುತ್ತದೆ. ನಮ್ಮ ಕಡೆ ಇದು ಇನ್ನೂ ಅಪರೂಪ. ಘಟ್ಟದ ಬುಡದ ತೋಟಗಳಲ್ಲಿ ಕಾಡುಹಂದಿ, ಕಾಡುಕೋಣ ಬಾರದಂತೆ ಹಾಕುವ ಸೋಲಾರ್ ಬೇಲಿಯನ್ನು ಎಲ್ಲರೂ ಕಂಡಿದ್ದಾರೆ; ಕೋಳಿಗೂ ಅಂಥದ್ದೊಂದು ಉಂಟು ಎಂದರೆ ನಗುತ್ತಾರೆ. ಐನೂರು ರೂಪಾಯಿಯ ಕೋಳಿಗೆ ಸಾವಿರಾರು ರೂಪಾಯಿಯ ಬೇಲಿಯೇ ಎಂಬ ಲೆಕ್ಕದ ನಗು ಅದು. ನನಗೆ ಆ ಲೆಕ್ಕಕ್ಕಿಂತ ಬೇರೆಯದೇ ಒಂದು ಪ್ರಶ್ನೆ ಕಾಡುತ್ತದೆ. ನಮ್ಮದು ಅಂದುಕೊಂಡ ಒಂದು ಜೀವವನ್ನು ಕಾಯಲು, ನಮ್ಮದಲ್ಲದ ಇನ್ನೊಂದು ಜೀವಕ್ಕೆ ಎಷ್ಟು ನೋವು ಕೊಡಬಹುದು? ಕೊಟ್ಟ ಮೇಲೆ ಆ ನೋವಿನ ಹೊಣೆ ಯಾರದ್ದು, ಬಲೆಯದ್ದೋ, ಬಲೆ ಹಾಕಿದವರದ್ದೋ?

ಮೊದಲು ಆ ಬಲೆಯ ಕೆಲಸ ಹೇಗೆಂದು ಹೇಳಬೇಕು. ಪ್ಲಾಸ್ಟಿಕ್ ದಾರದ ಜೊತೆಗೆ ತೆಳ್ಳಗಿನ ಉಕ್ಕಿನ ಎಳೆ ಹೊಸೆದು ಮಾಡಿದ ಬಲೆ ಅದು. ಸೊಂಟದೆತ್ತರಕ್ಕಿಂತ ತುಸು ಹೆಚ್ಚು. ಅಲ್ಲಲ್ಲಿ ಪ್ಲಾಸ್ಟಿಕ್ ಕಂಬಗಳಿದ್ದು ಅವುಗಳ ಬುಡದಲ್ಲಿ ಮೊಳೆಯಂಥ ಕಬ್ಬಿಣದ ಕಡ್ಡಿ ಇರುತ್ತದೆ. ಕಾಲಿನಿಂದ ತುಳಿದರೆ ನೆಲಕ್ಕೆ ಇಳಿಯುತ್ತದೆ, ಎಳೆದರೆ ಬರುತ್ತದೆ. ಒಬ್ಬರೇ ಸುತ್ತಿ ಹೆಗಲಿಗೆ ಹಾಕಿಕೊಂಡು ಬೇರೆ ಜಾಗಕ್ಕೆ ಒಯ್ಯಬಹುದು. ಬ್ಯಾಟರಿಯಿಂದಲೋ ಸೋಲಾರ್ ಫಲಕದಿಂದಲೋ ನಡೆಯುವ ಒಂದು ಪೆಟ್ಟಿಗೆ ಸೆಕೆಂಡಿಗೆ ಸುಮಾರು ಒಂದು ಸಲ ಸಾವಿರಾರು ವೋಲ್ಟಿನ ಮಿಡಿತವನ್ನು ಎಳೆಗಳಿಗೆ ಕಳಿಸುತ್ತದೆ. ಪ್ರತಿ ಮಿಡಿತದ ಆಯಸ್ಸು ಸೆಕೆಂಡಿನ ಒಂದು ಸಣ್ಣ ಚೂರು ಮಾತ್ರ. ಮುಟ್ಟಿದ ಪ್ರಾಣಿಯ ಮೈಯಿಂದ ಕರೆಂಟು ನೆಲಕ್ಕಿಳಿದು, ನೆಲದಲ್ಲಿ ಹೂತ ಸರಳಿನ ಮೂಲಕ ಪೆಟ್ಟಿಗೆಗೆ ಮರಳುತ್ತದೆ. ನೋಯುತ್ತದೆ, ಬೆಚ್ಚಿಬೀಳುತ್ತದೆ, ಆದರೆ ಎರಡು ಮಿಡಿತದ ನಡುವಿನ ಬಿಡುವಿನಲ್ಲಿ ಹಿಂದೆ ಸರಿಯಲು ಸಮಯ ಇರುತ್ತದೆ. ಇಡೀ ಯಂತ್ರದ ನೀತಿ ನಿಂತಿರುವುದು ಈ ಬಿಡುವಿನ ಮೇಲೆ. ಮನೆಯ ಲೈನಿನಿಂದ ನೇರವಾಗಿ ತಂತಿ ಎಳೆದು ಬೇಲಿಗೆ ಕಟ್ಟುವವರ ಬೇಲಿಯಲ್ಲಿ ಆ ಬಿಡುವು ಇಲ್ಲ. ಅಲ್ಲಿ ಹಿಡಿದದ್ದು ಬಿಡುವುದಿಲ್ಲ. ಆನೆಗಳೂ ಮನುಷ್ಯರೂ ನಮ್ಮ ರಾಜ್ಯದಲ್ಲಿ ಹಾಗೆ ಸತ್ತಿದ್ದಾರೆ, ಎಷ್ಟೋ ಸಲ ಬೇಲಿ ಹಾಕಿದವರ ಮನೆಯವರೇ. ಅದು ಕಾನೂನಿನ ಪ್ರಕಾರ ಅಪರಾಧ. ಅದನ್ನು ಈ ಚರ್ಚೆಯೊಳಗೆ ತರುವ ಅಗತ್ಯವೂ ಇಲ್ಲ, ಏಕೆಂದರೆ ಅಲ್ಲಿ ಪ್ರಶ್ನೆಯೇ ಇಲ್ಲ.

ಬೇಲಿಗೆ ಕರೆಂಟು ಕೊಡುವ ಉಪಾಯ ಊರೂರು ಸುತ್ತುವಂತೆ ಮಾಡಿದ್ದು 1930ರ ದಶಕದ ನ್ಯೂಜಿಲೆಂಡಿನ ಬಿಲ್ ಗ್ಯಾಲಘರ್. ತನ್ನ ಕಾರಿಗೆ ಮೈ ಉಜ್ಜುತ್ತಿದ್ದ ಕುದುರೆಯನ್ನು ದೂರವಿಡಲು ಕಾರಿಗೇ ಕರೆಂಟು ಕೊಟ್ಟನೆಂದು ಕತೆ. ಅಂದರೆ ಹುಟ್ಟಿದ್ದು ಕಾರನ್ನು ಕಾಯಲು, ಕುದುರೆಯನ್ನಲ್ಲ. ಆಮೇಲೆ ದನ, ಕುರಿ, ಕೋಳಿ. ನರಿಯ ಕಾಟವಿರುವ ಬ್ರಿಟನ್ನಿನಂಥ ದೇಶಗಳಲ್ಲಿ ಕೋಳಿಯ ಸುತ್ತ ಈ ಬಲೆ ಈಗ ಮಾಮೂಲು.

ಗಲ್ಫಿನಿಂದ ಊರಿಗೆ ಮರಳಿದ ಪರಿಚಯದವರೊಬ್ಬರು ತರಿಸಿ ಹಾಕಿದ್ದನ್ನು ನಾನು ನೋಡಿದೆ. ಹತ್ತು ಹದಿನೈದು ಊರ ಕೋಳಿ, ಒಂದು ಹುಂಜ. ಅದಕ್ಕೆ ಮೊದಲು ಅವರ ಹಿತ್ತಲಿಗೆ ಕೀರಿ ಬಂದು, ತಿಂದದ್ದಕ್ಕಿಂತ ಹೆಚ್ಚು ಕೊಂದು ಹೋಗಿತ್ತು. ಅವರು ಪೆಟ್ಟಿಗೆಯ ಸ್ವಿಚ್ಚು ಹಾಕಿ, ಟಿಕ್ ಟಿಕ್ ಸದ್ದು ಕೇಳಿಸಿ, ಪಕ್ಕದ ಮನೆಯ ಅಜ್ಜಿಗೆ ಎಲ್ಲವನ್ನೂ ವಿವರಿಸಿದರು. ಅಜ್ಜಿ ಸಾವಧಾನವಾಗಿ ಕೇಳಿಸಿಕೊಂಡು ಹೇಳಿದ್ದಿಷ್ಟು: "ಅಲ್ಲ ಮಗಾ, ನಾವ್ ತಿಂದ್ರೆ ಅಡ್ಡಿಲ್ಲೆ, ಕೀರಿ ತಿಂದ್ರೆ ಮಾತ್ರ ಕರೆಂಟ್ ಕೊಡೂದಾ?" ಅವರು ನಕ್ಕರು. ಅಜ್ಜಿಯೂ ನಕ್ಕರು. ಅಜ್ಜಿ ಮೀನು, ಕೋಳಿ ಎರಡನ್ನೂ ತಿನ್ನುವವರು. ಉಪದೇಶ ಮಾಡುವ ಉದ್ದೇಶ ಅವರಿಗಿರಲಿಲ್ಲ. ಆದರೆ ಆ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ.

ಮೊದಲು ಬಾಯಿಗೆ ಬರುವ ಉತ್ತರ: ಸಾಕಿದವರು ನಾವು, ಆದ್ದರಿಂದ ತಿನ್ನುವ ಹಕ್ಕು ನಮ್ಮದು. ಇದು ಹಕ್ಕಿನ ಮಾತು, ಕಾಳಜಿಯ ಮಾತಲ್ಲ. ಕೋಳಿಯ ಕಡೆಯಿಂದ ನೋಡಿದರೆ ಕೊನೆ ಎರಡರಲ್ಲೂ ಒಂದೇ. ಕುಂದಾಪುರದ ಕಡೆ ಕೋಳಿ ಸುಕ್ಕಾ, ಕೋಳಿ ಗೀ ರೋಸ್ಟ್ ಎಂದು ಹೆಸರು ಮಾಡಿದ ಸಾರುಗಳೆಲ್ಲ ಆ ಕೊನೆಯಿಂದಲೇ ಶುರುವಾಗುವುದು. ಕೋಳಿ ಅಂಕಕ್ಕೆಂದು ಹುಂಜ ಸಾಕುವವರನ್ನು ನೋಡಿ. ಮಗುವಿಗಿಂತ ಹೆಚ್ಚು ಜೋಪಾನ, ಕಾಲಿಗೆ ಕತ್ತಿ ಕಟ್ಟುವ ದಿನದವರೆಗೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಆ ಕಾಳಗವನ್ನು ಅಪರಾಧವೆಂದು ಹೇಳುತ್ತದೆ, ಆದರೂ ಜೋಪಾನವೇನೂ ಸುಳ್ಳಲ್ಲ. ಜೋಪಾನ ಮಾಡಿದ್ದರಿಂದ ಮಾತ್ರ ಯಾವುದೂ ಶುದ್ಧವಾಗುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಎರಡನೆಯ ಉತ್ತರ ತುಸು ಗಟ್ಟಿಯದು. ನಾವು ಕೋಳಿಯ ಸ್ವಭಾವವನ್ನು ಬದಲಿಸಿದ್ದೇವೆ. ಹಾರಿ ಮರ ಸೇರುವ ಕಾಡುಕೋಳಿಯನ್ನು ಅಂಗಳದ ಕೋಳಿ ಮಾಡಿದ್ದೇವೆ. ತನ್ನನ್ನು ತಾನು ಕಾಯ್ದುಕೊಳ್ಳುವ ಶಕ್ತಿಯನ್ನು ಕಿತ್ತುಕೊಂಡವರ ಮೇಲೆ ಕಾಯುವ ಋಣ ಇರುತ್ತದೆ. ಕಾಡಿನ ಕೋಳಿಯನ್ನು ಕಾಡಿನ ಬೆಕ್ಕು ಹಿಡಿದರೆ ನಾವು ನಡುವೆ ಬರಬೇಕಿಲ್ಲ, ಹಿತ್ತಲಿನ ಕೋಳಿಯ ಮಟ್ಟಿಗೆ ಬರಬೇಕು. ಈ ಉತ್ತರ ನನಗೆ ಒಪ್ಪಿಗೆ. ಆದರೆ ಇದು ಕೋಳಿಗೆ ನಾವು ಕೊಡಬೇಕಾದ್ದರ ಬಗ್ಗೆ ಹೇಳುತ್ತದೆ, ಕೀರಿಯ ಬಗ್ಗೆ ಏನೂ ಹೇಳುವುದಿಲ್ಲ. ಬೇಟೆಗಾರ ಪ್ರಾಣಿಯ ಹಸಿವಿನ ವಿಚಾರದಲ್ಲಿ ನಮ್ಮ ಕತೆಗಳೂ ಹೆಚ್ಚು ಸಹಾಯ ಮಾಡುವುದಿಲ್ಲ. ಗೋವಿನ ಹಾಡು ಕೇಳಿ ಬೆಳೆದವರು ನಾವು. ಪುಣ್ಯಕೋಟಿ ಮಾತಿಗೆ ತಪ್ಪದೆ ಮರಳುತ್ತದೆ, ಹುಲಿ ನಾಚಿ ಪ್ರಾಣ ಬಿಡುತ್ತದೆ. ದನದ ಸತ್ಯಕ್ಕೆ ಜಯ, ಸರಿ. ಹುಲಿಯ ಹಸಿವಿಗೆ? ಆ ಹಾಡಿನಲ್ಲಿ ಹುಲಿ ಒಳ್ಳೆಯದಾಗಬೇಕಾದರೆ ಸಾಯಲೇಬೇಕು. ಕೀರಿಗೆ ನಾಚಿಕೆ ಇಲ್ಲ, ಅದು ಸಾಯುವ ಅಗತ್ಯವೂ ಇಲ್ಲ. ಅದು ಇಲಿ ತಿನ್ನುತ್ತದೆ, ಹಾವು ತಿನ್ನುತ್ತದೆ, ಸಿಕ್ಕರೆ ಕೋಳಿ ತಿನ್ನುತ್ತದೆ. ಉರುಳು, ವಿಷದ ಮಾಂಸ, ಕೋವಿ ಇವೆಲ್ಲ ಕೀರಿಯನ್ನು ಗೋವಿನ ಹಾಡಿನ ಹುಲಿಯ ಹಾಗೆ ಕತೆಯಿಂದ ಹೊರಗೆ ಹಾಕುವ ಉಪಾಯಗಳು. ಕರೆಂಟಿನ ಬಲೆ ಹಾಗಲ್ಲ. ಇಲ್ಲಿ ಬೇಡ, ಬೇರೆ ಕಡೆ ಹೋಗು ಎಂದು ಒಂದು ಸಲ ಮೂಗಿನ ಮೇಲೆ ಹೊಡೆದು ಹೇಳುತ್ತದೆ. ಕೀರಿ ಬದುಕುತ್ತದೆ, ನೆನಪಿಟ್ಟುಕೊಳ್ಳುತ್ತದೆ. ಅದಕ್ಕಾಗಿಯೇ ಅಜ್ಜಿಯ ಪ್ರಶ್ನೆಯ ಅರ್ಧಕ್ಕೆ ನಾನು ಬಲೆಯ ಪರ. ನೋವು ಕೊಡುವುದೇ ಆದರೆ ಕಲಿಯಲು ಅವಕಾಶ ಇರುವ ನೋವು ಮೇಲು.

ಇನ್ನರ್ಧ ಕೋಳಿಯದ್ದು. ಬೇಲಿಗೆ ಎರಡು ಬದಿ. ಹೊರಗಿನ ಕೀರಿಗೆ ಬೀಳುವ ಪೆಟ್ಟೇ ಒಳಗಿನ ಕೋಳಿಗೂ ಬೀಳುತ್ತದೆ. ಪುಕ್ಕಕ್ಕೆ ಅಷ್ಟಾಗಿ ತಾಗುವುದಿಲ್ಲ. ಕೊಕ್ಕೋ ಜುಟ್ಟೋ ಮುಟ್ಟಿದಾಗ ಚುರುಕ್ಕೆನ್ನುತ್ತದೆ, ಆಮೇಲೆ ಕೋಳಿ ಬಲೆಯಿಂದ ಒಂದು ಗೇಣು ದೂರವೇ ಕೆದರುತ್ತದೆ. ಕಾಯುವುದೂ ಕೂಡಿಹಾಕುವುದೂ ಒಂದೇ ತಂತಿಯಲ್ಲಿ ಹರಿಯುತ್ತಿದೆ. ಇದನ್ನು ರಕ್ಷಣೆ ಎನ್ನಬೇಕೋ ಸೆರೆ ಎನ್ನಬೇಕೋ? 'ನಿನ್ನ ಒಳ್ಳೆಯದಕ್ಕೇ' ಎಂಬ ಮಾತನ್ನು ಕೇಳಿ ಕೇಳಿ ಬೆಳೆದ ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಆ ಹೋಲಿಕೆಯನ್ನು ತುಂಬಾ ದೂರ ಎಳೆಯಬಾರದು. ಮಗಳನ್ನು ಕೇಳಬಹುದು, ಅವಳು ಉತ್ತರಿಸುತ್ತಾಳೆ, ಆ ಉತ್ತರವೇ ಕೊನೆಯ ಮಾತಾಗಬೇಕು. ಕೋಳಿಯನ್ನು ಕೇಳಲಾಗುವುದಿಲ್ಲ. ಅದು ಹೇಗೆ ಬದುಕುತ್ತದೆ ಎಂದು ನೋಡಿಯೇ ತಿಳಿಯಬೇಕು.

ಹಾಗೆ ನೋಡಿದವರು ಪ್ರಾಣಿಯೊಂದಕ್ಕೆ ಬೇಕಾದ ಐದು ಬಿಡುಗಡೆಗಳ ಪಟ್ಟಿ ಮಾಡಿದ್ದಾರೆ. ಬ್ರಿಟನ್ನಿನಲ್ಲಿ 1965ರ ಬ್ರಾಂಬೆಲ್ ಸಮಿತಿಯಿಂದ ಮೊದಲಾದ ಆ ವಿಚಾರವನ್ನು ನಮ್ಮ ಸುಪ್ರೀಂ ಕೋರ್ಟು 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಎತ್ತಿಕೊಂಡಿತು. ಹಸಿವಿನಿಂದ, ರೋಗದಿಂದ ಬಿಡುಗಡೆ ಎಂಬುದರಲ್ಲಿ ಜಗಳವಿಲ್ಲ. ಆದರೆ ಭಯದಿಂದ ಬಿಡುಗಡೆ ಒಂದು, ಸಹಜವಾಗಿ ನಡೆದುಕೊಳ್ಳುವ ಬಿಡುಗಡೆ ಇನ್ನೊಂದು. ಕೋಳಿಯ ಮಟ್ಟಿಗೆ ಇವೆರಡೂ ಒಂದಕ್ಕೊಂದು ಎದುರು ನಿಲ್ಲುತ್ತವೆ. ಬಿಟ್ಟು ಸಾಕಿದ ಕೋಳಿ ಕೆದರುತ್ತದೆ, ಮಣ್ಣಿನಲ್ಲಿ ಹೊರಳುತ್ತದೆ, ಹಲಸಿನ ಮರದಡಿ ಹುಳ ಹೆಕ್ಕುತ್ತದೆ, ಒಂದು ದಿನ ಬೀದಿನಾಯಿಯ ಬಾಯಿಗೆ ಹೋಗುತ್ತದೆ. ಇಲ್ಲವೇ ಪಕ್ಕದ ಮನೆಯ ಹರಿವೆ ಸಾಲು ಕೆದರಿ ಎರಡು ಮನೆಯ ಮಾತು ಬಿಡಿಸುತ್ತದೆ. ಐದು ಸೆಂಟ್ಸ್, ಹತ್ತು ಸೆಂಟ್ಸಿನ ಮನೆಗಳು ಒತ್ತೊತ್ತಾಗಿರುವ ಊರಿನಲ್ಲಿ ಇದು ನಾಯಿಗಿಂತ ದೊಡ್ಡ ತಾಪತ್ರಯ. ಇನ್ನೊಂದು ಕೊನೆಯಲ್ಲಿ ಬ್ಯಾಟರಿ ಪಂಜರ. ಅಲ್ಲಿ ನಾಯಿ ಬರುವುದಿಲ್ಲ, ಹದ್ದು ಬರುವುದಿಲ್ಲ, ಭಯಕ್ಕೆ ಹೊರಗಿನ ಕಾರಣ ಒಂದೂ ಇಲ್ಲ. ಒಂದು ಕೋಳಿಗೆ ಸಿಗುವ ಜಾಗ ಸಾಮಾನ್ಯವಾಗಿ ಒಂದು ಎ4 ಹಾಳೆಗಿಂತ ಕಡಿಮೆ. ಕಾನೂನು ಆಯೋಗ 2017ರಲ್ಲಿ ತನ್ನ 269ನೆಯ ವರದಿಯನ್ನೇ ಮೊಟ್ಟೆಕೋಳಿ, ಮಾಂಸದ ಕೋಳಿಗಳ ಸಾಕಣೆ ಮತ್ತು ಸಾಗಾಟಕ್ಕೆ ಮೀಸಲಿಟ್ಟಿತು. ಸಂಪೂರ್ಣ ರಕ್ಷಣೆ ಎಂದರೆ ಹೇಗಿರುತ್ತದೆ ಎಂದು ನೋಡಬೇಕಾದವರು ಆ ಪಂಜರವನ್ನು ನೋಡಬಹುದು.

ಕರೆಂಟಿನ ಬಲೆ ಇವೆರಡರ ನಡುವೆ. ಐವತ್ತು ಮೀಟರಿನ ಬಲೆಯನ್ನು ಚೌಕಾಕಾರವಾಗಿ ನಿಲ್ಲಿಸಿದರೆ ಒಳಗೆ ಸುಮಾರು 156 ಚದರ ಮೀಟರು, ನಾಲ್ಕು ಸೆಂಟ್ಸಿಗೆ ತುಸು ಕಡಿಮೆ ಜಾಗ ಸಿಗುತ್ತದೆ. ಹತ್ತು ಹದಿನೈದು ಕೋಳಿಗೆ ಅದು ಸಣ್ಣದಲ್ಲ. ಅದಕ್ಕಿಂತ ಮುಖ್ಯ, ಅದನ್ನು ಕಿತ್ತು ಪಕ್ಕಕ್ಕೆ ಇಡಬಹುದು. ಕೆದರಿ ಬೋಳಾದ ನೆಲ ಬಿಟ್ಟು ಹುಲ್ಲಿರುವ ನೆಲಕ್ಕೆ. ಗೋಡೆ ಕಟ್ಟಿದವನು ಒಮ್ಮೆ ಯೋಚಿಸಿ ಮರೆಯುತ್ತಾನೆ. ಈ ಬಲೆ ಹಾಕಿದವನು ಮರೆಯುವ ಹಾಗಿಲ್ಲ. ನಾಲ್ಕು ದಿನಕ್ಕೊಮ್ಮೆ ಬಂದು, ಇವುಗಳಿಗೆ ಇನ್ನೂ ಇಷ್ಟು ಜಾಗ ಸಾಕೇ, ಈ ಜಾಗ ಮುಗಿಯಿತೇ ಎಂದು ಕೇಳಿಕೊಳ್ಳಲೇಬೇಕು. ಸೆರೆ ಮತ್ತು ರಕ್ಷಣೆಯ ನಡುವಿನ ವ್ಯತ್ಯಾಸ ಬೇಲಿಯ ಎತ್ತರದಲ್ಲಿ ಇಲ್ಲ, ಈ ಮರುಪ್ರಶ್ನೆಯಲ್ಲಿ ಇದೆ ಎಂದು ನನ್ನ ಅನಿಸಿಕೆ. ಬೇಲಿ ಹಾಕಿದ ಮೇಲೆ ಒಳಗಿರುವವರ ಬಗ್ಗೆ ಯೋಚಿಸುವುದನ್ನು ನಿಲ್ಲಿಸಿದರೆ, ಅದು ಹೂವಿನ ಬೇಲಿಯಾದರೂ ಸೆರೆಯೇ.

ಇಷ್ಟರವರೆಗೆ ಬಲೆಯ ಪರವಾಗಿ ಮಾತಾಡಿದ್ದೇನೆ. ಆದರೆ ಅದು ಯಾರಿಗೆಂದು ಹಾಕಿದ್ದೋ ಅವರಲ್ಲದವರೂ ಅದಕ್ಕೆ ಸಿಗುತ್ತಾರೆ. ಹಳೆ ಮೀನುಬಲೆ ಸುತ್ತಿದ ಗೂಡಿನ ಬುಡದಲ್ಲಿ ಕೇರೆಹಾವು ಸಿಕ್ಕಿಬಿದ್ದದ್ದನ್ನು ಕರಾವಳಿಯಲ್ಲಿ ಕಾಣದವರು ಕಡಿಮೆ. ಹಾವಿನ ಹುರುಪೆ ಹಿಂದಕ್ಕೆ ಬಾಗಿರುವುದರಿಂದ ನೈಲಾನಿನ ಕಣ್ಣಿನಲ್ಲಿ ಮುಂದಕ್ಕೆ ನುಗ್ಗಬಹುದು, ಹಿಂದಕ್ಕೆ ಬರಲಾಗದು. ಒದ್ದಾಡಿದಷ್ಟೂ ದಾರ ಮೈಗೆ ಇಳಿಯುತ್ತದೆ. ಕರೆಂಟಿನ ಬಲೆಯಲ್ಲಿ ಕಪ್ಪೆಗಳ ಕತೆ ಹಾಗೆಯೇ. ಕೀರಿಗೆ ಪೆಟ್ಟು ಬಿದ್ದರೆ ಹಿಂದೆ ಹಾರುತ್ತದೆ. ಕಪ್ಪೆ ಪೆಟ್ಟು ಬಿದ್ದಲ್ಲೇ ಕುಸಿದು ಕೂರುತ್ತದೆ, ಮುಂದಿನ ಮಿಡಿತಕ್ಕೂ ಅಲ್ಲೇ ಇರುತ್ತದೆ, ಅದರ ಮುಂದಿನದಕ್ಕೂ. ದಕ್ಷಿಣ ಆಫ್ರಿಕದಲ್ಲಿ ಕರೆಂಟು ಬೇಲಿಗಳಿಗೆ ಚಿಪ್ಪುಹಂದಿಗಳು ಬಲಿಯಾಗುವ ರೀತಿ ಇನ್ನೂ ಘೋರ. ಅಪಾಯ ಬಂದರೆ ಉಂಡೆಯಾಗುವುದು ಚಿಪ್ಪುಹಂದಿಯ ರಕ್ಷಣೆ. ಸಿಂಹದ ಹಲ್ಲಿಗೂ ಅದು ಸಾಕು. ತಂತಿ ತಾಗಿದ ಚಿಪ್ಪುಹಂದಿ ಅದೇ ಅಭ್ಯಾಸದಿಂದ ತಂತಿಯನ್ನೇ ಒಳಗಿಟ್ಟು ಉಂಡೆಯಾಗುತ್ತದೆ. ಮಿಡಿತಗಳ ನಡುವಿನ ಬಿಡುವು ಎಂಬ ಆ ನೀತಿ, ಓಡಿಹೋಗುವ ಪ್ರಾಣಿಗಳ ಲೆಕ್ಕದಲ್ಲಿ ಮಾಡಿದ್ದು. ಕೂತು ಸಹಿಸುವ ಪ್ರಾಣಿಗಳು ಆ ಲೆಕ್ಕದಲ್ಲಿ ಇರಲಿಲ್ಲ.

ಇಲ್ಲಿ ನನಗೆ ಜನ್ನ ನೆನಪಾಗುತ್ತಾನೆ. 1209ರಲ್ಲಿ ಅವನು ಬರೆದ 'ಯಶೋಧರ ಚರಿತೆ'ಯ ನಡುವೆ ಇರುವುದು ಒಂದು ಕೋಳಿ, ಅದೂ ಹಿಟ್ಟಿನದು. ತಾಯಿ ಜೀವಬಲಿ ಕೊಡೆನ್ನುತ್ತಾಳೆ, ಮಗ ಯಶೋಧರ ಒಪ್ಪುವುದಿಲ್ಲ. ನಡುವಿನ ದಾರಿಯಾಗಿ ಹಿಟ್ಟಿನ ಕೋಳಿ ಮಾಡಿ ಕಡಿಯುತ್ತಾರೆ. ಕಡಿದಾಗ ಅದು ಕೂಗುತ್ತದೆ. ಒಂದು ಜೀವವೂ ಸಾಯದ ಆ ಬಲಿಯ ಪಾಪಕ್ಕೆ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳನ್ನು ಸುತ್ತಿ, ಕೊನೆಗೆ ಕೋಳಿಗಳಾಗಿಯೇ ಹುಟ್ಟಿ ಬಾಣಕ್ಕೆ ಬಲಿಯಾಗುತ್ತಾರೆ. ಇದೇ ಕತೆಯನ್ನು ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕ ಮಾಡಿದರು. ಜನ್ನನ ಜೈನ ತರ್ಕ ಸ್ಪಷ್ಟ: ಕೊಲ್ಲುವ ಸಂಕಲ್ಪ ಇದ್ದರೆ ಸಾಕು, ಕೈಯಲ್ಲಿ ರಕ್ತ ಅಂಟಬೇಕಿಲ್ಲ. ನಮ್ಮ ಬಲೆ ಈ ತರ್ಕವನ್ನು ಮಗುಚಿ ಹಾಕುತ್ತದೆ. ಇಲ್ಲಿ ಸಂಕಲ್ಪ ಇಲ್ಲ, ಸಾವು ಇದೆ. ಕಪ್ಪೆಯನ್ನು ಕೊಲ್ಲಬೇಕೆಂದು ಯಾರೂ ಬಲೆ ಹಾಕಲಿಲ್ಲ. ಹಾಗಾದರೆ ಅದು ಯಾರ ಪಾಪ?

ಸಂಕಲ್ಪ ಇಲ್ಲ, ಆದ್ದರಿಂದ ಪಾಪವೂ ಇಲ್ಲ ಎಂದು ತೀರ್ಪು ಕೊಡುವುದು ಸುಲಭ. ನಾವು ನಿತ್ಯ ಮಾಡುವುದೂ ಅದನ್ನೇ. ಬಸ್ಸಿನ ಗಾಲಿಯಡಿ ಹೋದ ಹಾವಿಗೆ ಯಾರೂ ಅಳುವುದಿಲ್ಲ. ಆದರೆ ಮೊದಲ ಕಪ್ಪೆ ಸತ್ತದ್ದಕ್ಕೆ ಇರುವ ಸಮಾಧಾನ ಎರಡನೆಯ ಕಪ್ಪೆಗೆ ಸಿಗುವುದಿಲ್ಲ. ಮೊದಲನೆಯದು ಗೊತ್ತಿಲ್ಲದೆ ಆದದ್ದು. ಅದನ್ನು ಕಂಡ ಮೇಲೂ ತಂತಿಯ ಬುಡದ ಎಳೆ ಹಾಗೆಯೇ ಇದ್ದರೆ, ಎರಡನೆಯದು ಗೊತ್ತಿದ್ದೇ ಆದದ್ದು. ಮೊದಲನೆಯದನ್ನು ನೋಡಲೇ ಇಲ್ಲ ಎಂದರೆ? ಅಲ್ಲಿಗೆ ಪ್ರಶ್ನೆ ಸಂಕಲ್ಪದಿಂದ ಗಮನಕ್ಕೆ ಬರುತ್ತದೆ. 1960ರ ಅದೇ ಕಾಯ್ದೆಯ 3ನೆಯ ಸೆಕ್ಷನ್ನು, ಪ್ರಾಣಿಯನ್ನು ವಶದಲ್ಲಿಟ್ಟುಕೊಂಡವರು ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ನೋವೇ ಕೂಡದು ಎನ್ನುವುದಿಲ್ಲ, ಅನಗತ್ಯ ನೋವು ಕೂಡದು ಎನ್ನುತ್ತದೆ. ಯಾವುದು ಅಗತ್ಯ, ಯಾವುದು ಅನಗತ್ಯ ಎಂದು ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಕಾಯ್ದೆಯ ಆ ಸೆಕ್ಷನ್ನಿನಲ್ಲಿ ಇರುವುದು ವಶದಲ್ಲಿರುವ ಪ್ರಾಣಿ ಮಾತ್ರ, ಅಂದರೆ ಕೋಳಿ. ಕಪ್ಪೆ ಯಾರ ವಶದಲ್ಲೂ ಇಲ್ಲ. ಆದರೆ ತಂತಿಗೆ ತಾಗಿ ಕೂತ ಆ ಹೊತ್ತಿನಲ್ಲಿ ಅದು ನಮ್ಮ ವಶದಲ್ಲಿಲ್ಲದೆ ಇನ್ನೆಲ್ಲಿದೆ?

ಇದನ್ನು ಮೀನುಗಾರರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಹಾಕಿದ ಬಲೆಯನ್ನು ಎಳೆಯಬೇಕು. ಹಾಕಿ ಮರೆಯುವ ಬಲೆ ಎಂಬುದು ಇಲ್ಲ. ಬಿರುಗಾಳಿಗೋ ಬಂಡೆಗೋ ಸಿಕ್ಕಿ ತುಂಡಾಗಿ ಕಡಲಲ್ಲೇ ಉಳಿದ ಬಲೆ, ಯಜಮಾನ ದಡದಲ್ಲಿ ನಿದ್ದೆ ಮಾಡುವಾಗಲೂ ಹಿಡಿಯುತ್ತಲೇ ಇರುತ್ತದೆ. ಸಿಕ್ಕಿದ ಮೀನು ಸತ್ತು, ಅದನ್ನು ತಿನ್ನಲು ಬಂದದ್ದು ಸಿಕ್ಕಿ, ಅದೂ ಸತ್ತು, ವರ್ಷಗಟ್ಟಲೆ. ಇಂಥವನ್ನು ಜಗತ್ತಿನ ಮೀನುಗಾರಿಕೆಯ ಭಾಷೆಯಲ್ಲಿ ಭೂತಬಲೆ ಎನ್ನುತ್ತಾರೆ. ಭೂತಗಳನ್ನು ಕೋಲ ಕೊಟ್ಟು ಕರೆದು, ಮಾತಾಡಿಸಿ, ನ್ಯಾಯ ಕೇಳುವ ನಮ್ಮ ಸೀಮೆಯವರಿಗೆ ಈ ಹೆಸರು ಸರಿ ಅನಿಸಲಾರದು. ನಮ್ಮ ಭೂತಕ್ಕೆ ಹೊಣೆ ಉಂಟು. ಅನಾಥಬಲೆ ಎಂದರೆ ಹೆಚ್ಚು ಸರಿ. ಅದರಲ್ಲಿ ಕಡಲಾಮೆಗಳೂ ಸಿಗುತ್ತವೆ. ಸಂಕಲ್ಪವೂ ಇಲ್ಲ, ಲಾಭವೂ ಇಲ್ಲ, ತಿನ್ನುವವರೂ ಇಲ್ಲ, ಸಾವು ಮಾತ್ರ ಇದೆ.

ಅಳಿವೆಯ ಆಚೆ ದಂಡೆಯ ಕೋಡಿಯಲ್ಲಿ ಅದೇ ಕಡಲಾಮೆಗಳು ಮೊಟ್ಟೆಯಿಡಲು ಹೊಯಿಗೆಗೆ ಹತ್ತುತ್ತವೆ. ತಾಯಿ ಮೊಟ್ಟೆಯಿಟ್ಟು, ಹೊಯಿಗೆ ಮುಚ್ಚಿ, ಮರಳಿ ಕಡಲಿಗೆ ಹೋಗುತ್ತದೆ. ಕಾವು ಕೊಡುವುದು ಬಿಸಿ ಹೊಯಿಗೆ. ನಾಯಿ ಕೆದರದ ಹಾಗೆ ಅರಣ್ಯ ಇಲಾಖೆಯವರೂ ಸ್ವಯಂಸೇವಕರೂ ಆ ಗೂಡುಗಳ ಸುತ್ತ ಕಟ್ಟುವುದು ಏನನ್ನು? ಬಲೆಯನ್ನೇ. ಮರಿಗಳು ಹೊರಬರುವ ದಿನ ಹತ್ತಿರವಾದಂತೆ ಅಲ್ಲಿ ಯಾರಾದರೂ ಇರಬೇಕು, ಇಲ್ಲವಾದರೆ ಕಾಯಲು ಕಟ್ಟಿದ್ದೇ ಮರಿಗಳಿಗೆ ಕಡಲಿನ ದಾರಿ ಮುಚ್ಚೀತು. ಒಂದೇ ಅಳಿವೆಯ ಆಚೆ ಈಚೆ, ನೀರಿನ ಒಳಗೆ ಹೊರಗೆ, ಒಂದೇ ಹೆಣಿಗೆ ಕೊಲ್ಲುತ್ತದೆ, ಉಳಿಸುತ್ತದೆ. ದಾರದ ದಪ್ಪದಲ್ಲಿ ಕಣ್ಣಿನ ಅಳತೆಯಲ್ಲಿ ಈ ವ್ಯತ್ಯಾಸವನ್ನು ಹುಡುಕಿ ಪ್ರಯೋಜನವಿಲ್ಲ. ಒಂದರ ಬಳಿ ಎಚ್ಚರ ಇರುವವರು ಇದ್ದಾರೆ, ಇನ್ನೊಂದರ ಬಳಿ ಇಲ್ಲ.

ಕನ್ನಡದಲ್ಲಿ ಕಾಯು ಎಂಬ ಕ್ರಿಯಾಪದ ನನಗೆ ಬಹಳ ಇಷ್ಟ. ದನ ಕಾಯುವುದು, ಮನೆ ಕಾಯುವುದು, ಅಂದರೆ ರಕ್ಷಿಸುವುದು. ಬಸ್ಸಿಗೆ ಕಾಯುವುದು, ಮಗನಿಗೆ ಕಾಯುವುದು. ಅಂದರೆ ಸಮಯ ಕೊಡುವುದು. ಹಂಚು ಕಾಯುವುದು, ನೀರು ಕಾಯುವುದು, ಅಂದರೆ ಬಿಸಿಯಾಗುವುದು. ಭಾಷಾಶಾಸ್ತ್ರಜ್ಞರು ಇವು ಬೇರೆ ಬೇರೆ ಬೇರಿನವು ಎಂದು ವಾದಿಸಬಹುದು, ವಾದಿಸಲಿ. ಹೇಂಟೆ ಕಾವು ಕೂತದ್ದನ್ನು ಕಂಡವರಿಗೆ ಇವು ಮೂರಲ್ಲ. ಇಪ್ಪತ್ತೊಂದು ದಿನ ಅದು ಮೊಟ್ಟೆಯನ್ನು ಕಾಯುತ್ತದೆ, ಮರಿಗೆ ಕಾಯುತ್ತದೆ, ಮೈ ಕಾಯಿಸಿಕೊಂಡು ಕೂರುತ್ತದೆ. ಹತ್ತಿರ ಕೈ ಚಾಚಿದರೆ ಕುಟುಕುತ್ತದೆ. ತಾನೇ ಬೇಲಿ, ತಾನೇ ಗೂಡು. ಹೆಚ್ಚು ಮೊಟ್ಟೆ ಬೇಕೆಂದು ಅಭಿವೃದ್ಧಿಪಡಿಸಿದ ತಳಿಗಳಲ್ಲಿ ಈ ಕಾವು ಕೂರುವ ಗುಣ ಕಡಿಮೆಯಾಗಿದೆ. ಮೊಟ್ಟೆಯಿಡದೆ ಮೂರು ವಾರ ಕೂರುವ ಕೋಳಿ ಲೆಕ್ಕದ ಪುಸ್ತಕದಲ್ಲಿ ನಷ್ಟ. ಆದ್ದರಿಂದ ಕಾವನ್ನು ಇನ್‌ಕ್ಯುಬೇಟರಿಗೆ ಕೊಟ್ಟೆವು, ಕಾವಲನ್ನು ತಂತಿಗೆ ಕೊಟ್ಟೆವು. ಬಲ್ಬಿನ ಬಿಸಿಯೂ ಬಿಸಿಯೇ, ಮರಿ ಹೊರಬರುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಯಂತ್ರಕ್ಕೆ ಕೊಡಲಾಗದ್ದು ನಡುವಿನ ಅರ್ಥ. ಪೆಟ್ಟಿಗೆ ಮಿಡಿಯುತ್ತದೆ, ಯಾರಿಗೂ ಕಾಯುವುದಿಲ್ಲ.

ಆ ಪರಿಚಯದವರ ಹಿತ್ತಲಿನಲ್ಲಿ ಈ ಮಾತು ಬೇರೆ ರೀತಿ ತಿಳಿಯಿತು. ಒಂದು ಹೇಂಟೆ ಮರಿಗಳೊಂದಿಗೆ ಬಲೆಯೊಳಗಿತ್ತು. ಬಲೆಯ ಕಣ್ಣು ಕೀರಿಗೆ ಸಣ್ಣದು, ಕೋಳಿಮರಿಗೆ ದೊಡ್ಡದು. ಮರಿಗಳು ತಂತಿ ತಾಗಿಯೂ ತಾಗದೆಯೂ ನುಸುಳಿ ಹೊರಗೆ ಹೋದವು. ಹೇಂಟೆ ಒಳಗಿನಿಂದ ಕರೆಯಿತು, ಬಲೆಯ ಹತ್ತಿರ ಬಂತು, 'ಕೊಕ್' ಎಂದು ಹಿಂದೆ ಹಾರಿತು, ಮತ್ತೆ ಬಂತು. ಕಾಯಲು ಹಾಕಿದ್ದು ಕಾಯುವವಳನ್ನೇ ಒಳಗೆ ಕಟ್ಟಿಹಾಕಿತ್ತು. ಅವರು ಸ್ವಿಚ್ಚು ಆರಿಸಿ ಬಲೆಯ ಒಂದು ಮೂಲೆ ಎತ್ತಿದರು. ಅಜ್ಜಿ ತಮ್ಮ ಮನೆಯಿಂದ ಹೆಡಿಗೆ ತಂದುಕೊಟ್ಟರು. ಮರಿ ದೊಡ್ಡದಾಗುವವರೆಗೆ ತಾಯಿ ಮರಿ ಎಲ್ಲವೂ ಹಗಲು ಕವುಚಿದ ಹೆಡಿಗೆಯ ಕೆಳಗೆ, ಯಾರಾದರೂ ಅಂಗಳದಲ್ಲಿ ಕೂತಿರುವ ಹೊತ್ತಿಗೆ ಮಾತ್ರ ಹೊರಗೆ ಎಂದು ತೀರ್ಮಾನವಾಯಿತು. ನೂರಾರು ವರ್ಷಗಳಿಂದ ಇರುವ ಏರ್ಪಾಡು ಅದು, ಕರೆಂಟು ಬೇಕಿಲ್ಲದ್ದು.

ಮೇಲಿನಿಂದ ಬರುವವರಿಗೂ ಈ ಬಲೆಯಲ್ಲಿ ಉತ್ತರವಿಲ್ಲ. ಬಂದರಿನ ಮೀನಿನ ವಾಸನೆಗೆ ಗಂಗೊಳ್ಳಿಯ ಆಕಾಶದಲ್ಲಿ ಹದ್ದು, ಗರುಡ, ಕಾಗೆಗಳಿಗೆ ಕೊರತೆಯೇ ಇಲ್ಲ. ಅವರು ನಾಲ್ಕೂ ಬದಿಗೆ ಹೊಸ ಬಲೆ ನಿಲ್ಲಿಸಿ, ತಲೆಯ ಮೇಲಕ್ಕೆ ಹಳೆ ಮೀನುಬಲೆ ಕಟ್ಟಿದ್ದಾರೆ. ತಂತಿಯ ಬುಡದ ಎಳೆಗೆ ಕರೆಂಟು ಹೋಗದಂತೆ ಮಾಡಿ, ಕಪ್ಪೆಗಳಿಗೆ ದಾರಿ ಬಿಟ್ಟಿದ್ದಾರೆ. ಕೋಳಿಗಳು ಗೂಡು ಸೇರಿ ಬಾಗಿಲು ಹಾಕಿದ ಮೇಲೆ ರಾತ್ರಿ ಪೆಟ್ಟಿಗೆ ಆರಿಸುತ್ತಾರೆ. ಕಪ್ಪೆ, ಹಾವು ಓಡಾಡುವ ಹೊತ್ತು ಅದು. ಬೆಳಿಗ್ಗೆ ಚಹಾಕ್ಕೆ ಮೊದಲು ಒಂದು ಸುತ್ತು ಹಾಕಿ ಬಲೆಯ ಬುಡ ನೋಡುತ್ತಾರೆ. ಬೇಸಿಗೆಯಲ್ಲಿ ಒಣಗಿದ ಹೊಯಿಗೆ ಕರೆಂಟನ್ನು ನೆಲಕ್ಕಿಳಿಸುವುದಿಲ್ಲ, ಸರಳಿನ ಬುಡಕ್ಕೆ ನೀರು ಹೊಯ್ಯಬೇಕು. ಉಪ್ಪುಗಾಳಿಗೆ ಕಂಬದ ಕಡ್ಡಿ ತುಕ್ಕು ಹಿಡಿಯುತ್ತದೆ. ಇಷ್ಟೆಲ್ಲ ಮಾಡುವವರು ಬಲೆಯಿಲ್ಲದೆಯೂ ಕೋಳಿಯನ್ನು ಕಾದಾರು ಎಂದು ಅಜ್ಜಿಯ ಅಭಿಪ್ರಾಯ.

ಮಳೆಗಾಲದಲ್ಲಿ ಅದು ಇನ್ನೂ ಕಷ್ಟ. ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು. ಹುಲ್ಲು ಒಂದು ವಾರದಲ್ಲಿ ಮೊಣಕಾಲಿಗೆ ಬರುತ್ತದೆ, ಒದ್ದೆ ಎಲೆಗಳು ತಂತಿಗೆ ತಾಗಿ ಕರೆಂಟೆಲ್ಲ ನೆಲಕ್ಕೆ ಸೋರಿಹೋಗುತ್ತದೆ, ಟಿಕ್ ಟಿಕ್ ಸದ್ದು ಮಾತ್ರ ಉಳಿಯುತ್ತದೆ. ಜೂನ್ ಮೊದಲ ವಾರ ಅವರು ಬಲೆ ಸುತ್ತಿ, ಜಗಲಿಯ ಜಂತಿಗೆ ತೂಗುಹಾಕಿದರು. ಪಕ್ಕದಲ್ಲಿ ಹೆಣೆಯಲಿಕ್ಕೆಂದು ತಂದಿಟ್ಟ ಮೀನುಬಲೆ. ಕೋಳಿಗಳು ಜಗಲಿಯ ಮೂಲೆಯಲ್ಲಿ ಒಂದಕ್ಕೊಂದು ಒತ್ತಿ ಕೂತಿದ್ದವು. ಅಂಗಳದ ಆಚೆ ದರೆಯ ಮೇಲೆ ಕೀರಿಯೊಂದು ಒಂದು ಕ್ಷಣ ತಲೆಯೆತ್ತಿ ನೋಡಿತು. ಅಜ್ಜಿ ಕೂತಲ್ಲಿಂದಲೇ "ಹೋಯ್" ಎಂದರು. ಅದು ದರೆಯ ಸಂದಿನೊಳಗೆ ಇಳಿಯಿತು.